ಹಳೆಯ ಕಟ್ಟಡ ಉಳಿಸುವವರು

ಬೆಂಗಳೂರಿನ ವಿಧಾನಸೌಧದ ಎದುರಿಗೆ, ಕಬ್ಬನ್ ಪಾರ್ಕಿನ ಅಂಚಿನಲ್ಲಿ ನಿಂತಿರುವ ಕೆಂಪು ಕಟ್ಟಡದಲ್ಲಿ ಇಂದು ಹೈಕೋರ್ಟ್ ನಡೆಯುತ್ತಿದೆ. ಲೆವಿನ್ ಬೌರಿಂಗ್ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಕಾಲದಲ್ಲಿ, 1864ರಿಂದ 1868ರ ನಡುವೆ, ಅದು ಮೇಲೆದ್ದಿತು. ನಕ್ಷೆ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯದು. ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಜನ ಅದನ್ನು ಅಠಾರಾ ಕಚೇರಿ ಎಂದು ಕರೆದರು. 1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಸರ್ಕಾರಿ ಕಚೇರಿಗಳು ರಸ್ತೆ ದಾಟಿ ಹೋದವು, ನ್ಯಾಯಾಲಯ ಅಲ್ಲೇ ಉಳಿಯಿತು. 1980ರ ದಶಕದ ಆರಂಭದಲ್ಲಿ ಈ ಕಟ್ಟಡಕ್ಕೆ ವಯಸ್ಸಾಯಿತು, ಕೆಡವಿ ಬೇರೆ ಕಟ್ಟೋಣ ಎಂಬ ಯೋಚನೆ ಸರ್ಕಾರಕ್ಕೆ ಬಂತು. ಊರಿನವರು ಸುಮ್ಮನಿರಲಿಲ್ಲ. ಪತ್ರಿಕೆಗಳಲ್ಲಿ ವಿರೋಧ ಎದ್ದಿತು, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬ ಮಾತೇ ಹೊಸದಾಗಿದ್ದ ದಿನಗಳಲ್ಲಿ ಅರ್ಜಿಯೊಂದು ದಾಖಲಾಯಿತು. ಯಾವ ಕಟ್ಟಡದ ಅಳಿವು ಉಳಿವಿನ ಪ್ರಶ್ನೆಯೋ ಅದೇ ಕಟ್ಟಡದೊಳಗೆ ವಿಚಾರಣೆಯೂ ನಡೆಯಿತು. ಕಟ್ಟಡ ಉಳಿಯಿತು.

ಇಂಥ ಪ್ರಸಂಗಗಳನ್ನು ಓದಿದವರಿಗೆ ಸಹಜವಾಗಿ ಬರುವ ಸಂಶಯ: ಇಷ್ಟು ಪ್ರಸಿದ್ಧ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಮೊದಲೇ ಇರಲಿಲ್ಲವೆ? ನೂರು ವರ್ಷ ದಾಟಿದ್ದನ್ನೆಲ್ಲ ಸರ್ಕಾರ ತಾನಾಗಿ ಕಾಪಾಡುತ್ತದೆ ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಆ ನಂಬಿಕೆ ತಪ್ಪು. 1958ರ ಕೇಂದ್ರ ಕಾಯ್ದೆಯಲ್ಲಿ ನೂರು ವರ್ಷದ ವಯಸ್ಸು ಅರ್ಹತೆ ಮಾತ್ರ. ರಾಷ್ಟ್ರೀಯ ಮಹತ್ವದ್ದೆಂದು ಅಧಿಸೂಚನೆ ಹೊರಟರಷ್ಟೇ ರಕ್ಷಣೆ. ದೇಶವಿಡೀ ಹುಡುಕಿದರೂ ಅಂಥ ಸ್ಮಾರಕಗಳು ಸುಮಾರು 3,700. ಕರ್ನಾಟಕದ 1961ರ ಕಾಯ್ದೆಯಡಿ ರಾಜ್ಯ ಪುರಾತತ್ವ ಇಲಾಖೆ ನೋಡಿಕೊಳ್ಳುವ ಇನ್ನೂ ನೂರಾರು ಸ್ಮಾರಕಗಳಿವೆ. ಈ ಎರಡೂ ಪಟ್ಟಿಗಳಲ್ಲಿ ತುಂಬಿರುವುದು ದೇವಾಲಯ, ಕೋಟೆ, ಬಸದಿ, ಗೋರಿ, ಶಾಸನ. ಪಟ್ಟಿಯಲ್ಲಿದ್ದವುಗಳ ರಕ್ಷಣೆ ಬಿಗಿಯಾದದ್ದೇ: 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೆ ಜನ ದಿನವೂ ಬಳಸುವ ಮಾರುಕಟ್ಟೆ, ಶಾಲೆ, ಛತ್ರ, ಆಸ್ಪತ್ರೆ, ಬಂಗಲೆ, ತೊಟ್ಟಿ ಮನೆ ಈ ಕಾಯ್ದೆಗಳ ಕಣ್ಣಿಗೆ ಬೀಳುವುದು ಅಪರೂಪ. ಸಂವಿಧಾನದ 49ನೇ ವಿಧಿ ಸ್ಮಾರಕ ರಕ್ಷಣೆಯನ್ನು ಸರ್ಕಾರದ ಹೊಣೆಯೆಂದೂ 51ಎ ವಿಧಿ ಪರಂಪರೆಯನ್ನು ಗೌರವಿಸುವುದು ನಾಗರಿಕರ ಕರ್ತವ್ಯವೆಂದೂ ಹೇಳುತ್ತವೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಜೆಸಿಬಿ ಬಂದು ನಿಂತಾಗ ತಡೆಯಲು ಇನ್ನೂ ಹತ್ತಿರದ ನಿಯಮ ಬೇಕಾಗುತ್ತದೆ.

ಆ ಹತ್ತಿರದ ನಿಯಮ ಹುಟ್ಟಿದ್ದು ನಗರ ಯೋಜನೆಯ ಕಾನೂನಿನಿಂದ. ಹೈದರಾಬಾದ್ 1981ರಲ್ಲೇ ತನ್ನ ನಗರಾಭಿವೃದ್ಧಿ ನಿಯಮಾವಳಿಗೆ 13ನೇ ನಿಯಮ ಎಂದು ಹೆಸರಾದ ಷರತ್ತನ್ನು ಸೇರಿಸಿತು. ಮುಂಬೈ 1995ರಲ್ಲಿ ಪೂರ್ಣ ಪ್ರಮಾಣದ ಪರಂಪರೆ ನಿಯಮಾವಳಿಯನ್ನು ಜಾರಿಗೆ ತಂದು, ಖಾಸಗಿ ಕಟ್ಟಡಗಳೂ ಸೇರಿದಂತೆ ನೂರಾರು ಕಟ್ಟಡಗಳನ್ನು ಪಟ್ಟಿ ಮಾಡಿ ಮೂರು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯದನ್ನು ಹೊರಗಾಗಲಿ ಒಳಗಾಗಲಿ ಮುಟ್ಟುವುದು ಕಷ್ಟ. ಮೂರನೆಯದರಲ್ಲಿ ಬದಲಾವಣೆಗೆ ಸಾಕಷ್ಟು ಅವಕಾಶವಿದೆ. ಎಲ್ಲ ಹಳೆಯದನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕದ ಈ ಏರ್ಪಾಡು ಜಾಣತನದ್ದು. ಇದರ ಹಿಂದೆ ಇದ್ದವರು ಅಲ್ಲಿನ ಇತಿಹಾಸಕಾರರು, ವಾಸ್ತುಶಿಲ್ಪಿಗಳು, ಬಡಾವಣೆಯ ನಿವಾಸಿಗಳು. ಓವಲ್ ಮೈದಾನದ ಒಂದು ಬದಿಯ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳು, ಎದುರು ಬದಿಯ ಆರ್ಟ್ ಡೆಕೊ ಮನೆಗಳು, ಒಟ್ಟು 94 ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಪ್ರಯತ್ನಕ್ಕೆ ಬಲ ಕೊಟ್ಟು ವರ್ಷಗಟ್ಟಲೆ ದುಡಿದವರಲ್ಲಿ ಆ ಮನೆಗಳ ನಿವಾಸಿ ಸಂಘಗಳೂ ಇದ್ದವು ಎಂಬುದು ಗಮನಿಸಬೇಕಾದ ಸಂಗತಿ.

ಉಳಿಸುವ ಕೆಲಸ ಘೋಷಣೆಯಿಂದ ಆರಂಭವಾಗುವುದಿಲ್ಲ, ಅಳತೆಪಟ್ಟಿಯಿಂದ ಆರಂಭವಾಗುತ್ತದೆ. ಕಟ್ಟಡದ ಒಂದೊಂದು ಗೋಡೆ, ಕಮಾನು, ಮೆಟ್ಟಿಲನ್ನು ಅಳೆದು ನಕ್ಷೆ ಬರೆಯಬೇಕು, ಫೋಟೊ ತೆಗೆಯಬೇಕು. ಯಾರು, ಯಾವಾಗ, ಯಾವುದಕ್ಕೆ ಕಟ್ಟಿಸಿದರು ಎಂಬುದಕ್ಕೆ ಕಾಗದ ಬೇಕು. ಹಳೆಯ ಗೆಜೆಟಿಯರ್, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಪುರಸಭೆಯ ನಡಾವಳಿ, ಖಾತೆ ಪುಸ್ತಕ, ಮನೆತನದ ಹಿರಿಯರ ಪೆಟ್ಟಿಗೆಯಲ್ಲಿರುವ ಪತ್ರ, ಎಲ್ಲವೂ ಆಧಾರವೇ. 2005ರಿಂದ ಮಾಹಿತಿ ಹಕ್ಕಿನ ಅರ್ಜಿಯೂ ಇದಕ್ಕೆ ಸೇರಿಕೊಂಡಿತು. ಕಟ್ಟಡ ಕೆಡವುವ ಕಡತ ಯಾವ ಮೇಜಿನ ಮೇಲಿದೆ, ಅದಕ್ಕೆ ಆಧಾರವಾದ ತಾಂತ್ರಿಕ ವರದಿಯಲ್ಲಿ ಏನಿದೆ ಎಂಬುದು ಬಹುತೇಕ ಹೊರಬರುವುದು ಆ ಅರ್ಜಿಯಿಂದಲೇ. 1984ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಘಟಕಗಳು ಇಂಥ ದಾಖಲೆಯ ಕೆಲಸವನ್ನು ನಾನಾ ಊರುಗಳಲ್ಲಿ ಮಾಡಿಕೊಂಡು ಬಂದಿವೆ. ಪರಂಪರೆ ನಡಿಗೆಗಳನ್ನು ವಾರಾಂತ್ಯದ ಮೋಜೆಂದು ತಳ್ಳಿಹಾಕುವವರಿದ್ದಾರೆ. ಆದರೆ ಒಂದು ಬೀದಿಯನ್ನು ನಡೆದು ನೋಡಿದವರು ಮುಂದೆ ಆ ಬೀದಿಯ ಬಗ್ಗೆ ಆಕ್ಷೇಪಣೆ ಬರೆಯುವ ಸಾಧ್ಯತೆ ಹೆಚ್ಚು. ದಸರೆಯ ದಿನಗಳಲ್ಲಿ ಮೈಸೂರಿನಲ್ಲಿ ನಡೆಯುವ ಪಾರಂಪರಿಕ ಟಾಂಗಾ ಸವಾರಿಯೂ ಆ ಲೆಕ್ಕದಲ್ಲಿ ವ್ಯರ್ಥವಲ್ಲ.

ಕಾಗದ ಸಿದ್ಧವಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದಿನ ಇರ್ರಂ ಮಂಜಿಲ್ ಉದಾಹರಣೆ. ಸುಮಾರು 1870ರಲ್ಲಿ ನವಾಬ ಫಕ್ರುಲ್ ಮುಲ್ಕ್ ಗುಡ್ಡದ ಮೇಲೆ ಕಟ್ಟಿಸಿದ ಅರಮನೆ ಅದು. ಮುಂದೆ ಸರ್ಕಾರಿ ಕಚೇರಿಯಾಯಿತು. 2019ರ ಜೂನ್‌ನಲ್ಲಿ ತೆಲಂಗಾಣ ಸಚಿವ ಸಂಪುಟ ಅದನ್ನು ಕೆಡವಿ ಹೊಸ ವಿಧಾನಸಭಾ ಸಂಕೀರ್ಣ ಕಟ್ಟಲು ತೀರ್ಮಾನಿಸಿತು, ಅದೇ ತಿಂಗಳು ಶಂಕುಸ್ಥಾಪನೆಯೂ ನಡೆದುಹೋಯಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅರಮನೆಯ ಮುಂದೆ ನೆರೆದರು, ನವಾಬನ ವಂಶಸ್ಥರು ದನಿಗೂಡಿಸಿದರು, ಹೈಕೋರ್ಟಿಗೆ ಅರ್ಜಿಗಳು ಹೋದವು. ಸರ್ಕಾರದ ವಾದ ಸರಳವಾಗಿತ್ತು: ಹಳೆಯ ಪರಂಪರೆ ನಿಯಮ ರದ್ದಾಗಿದೆ, ಕಟ್ಟಡ ನಮ್ಮದು, ತೀರ್ಮಾನ ನಮ್ಮದು. ಸೆಪ್ಟೆಂಬರ್ 16ರಂದು ನ್ಯಾಯಾಲಯ ಸಂಪುಟದ ತೀರ್ಮಾನವನ್ನೇ ರದ್ದು ಮಾಡಿತು. ಪರಂಪರೆಯ ಕಟ್ಟಡವೆಂದು ದಾಖಲೆಯಲ್ಲಿರುವುದನ್ನು, ಕಾನೂನು ಹೇಳಿದ ಪ್ರಾಧಿಕಾರದ ಅನುಮತಿಯಿಲ್ಲದೆ ಕೆಡವಲಾಗದು ಎಂಬುದು ಆ ತೀರ್ಪಿನ ತಿರುಳು. ಅರಮನೆಯ ಚೆಲುವಿಗಿಂತ ಪಟ್ಟಿಯಲ್ಲಿದ್ದ ಅದರ ಹೆಸರು ಅಲ್ಲಿ ಹೆಚ್ಚು ಕೆಲಸ ಮಾಡಿತು.

ಪಟ್ಟಿ, ದಾಖಲೆ, ಜನ ಯಾವುದಕ್ಕೂ ಸಮಯ ಸಿಗದೆ ಹೋದ ಕಟ್ಟಡಗಳೂ ಇವೆ. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಪಾಠ ನಡೆಯುತ್ತಿದ್ದ ಕ್ರುಂಬಿಗಲ್ ಸಭಾಂಗಣ ದಶಕಗಳ ಕಾಲ ಪಾಳುಬಿದ್ದಿತ್ತು. 2017ರಲ್ಲಿ ಅದು ನೆಲಸಮವಾದ ಮೇಲೆ ಊರು ಎಚ್ಚೆತ್ತಿತು. ಬೆಂಗಳೂರಿನ ಅರ್ಧ ಅಂದವನ್ನು ರೂಪಿಸಿದ ಜರ್ಮನ್ ತೋಟಗಾರನ ಹೆಸರು ಹೊತ್ತ ಕಟ್ಟಡಕ್ಕೆ ಈ ಗತಿ ಬಂದದ್ದು ನಾಚಿಕೆಯ ಸಂಗತಿ. ಇನ್ನೊಂದು ಕಡೆ, ಬ್ರಿಟಿಷ್ ಕಮಿಷನರ್ ಕಬ್ಬನ್ ಕಾಲದ ಬಾಲಬ್ರೂಯಿ ಅತಿಥಿಗೃಹವನ್ನು ಶಾಸಕರ ಕ್ಲಬ್ ಮಾಡುವ ಪ್ರಸ್ತಾವ 2014ರಲ್ಲಿ ಬಂದಾಗ ನಾಗರಿಕರು ಎದ್ದುನಿಂತರು. ಕೆಲವು ವರ್ಷಗಳ ನಂತರ ಅದೇ ಪ್ರಸ್ತಾವ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಕೆಡವಿದ್ದು ಒಂದೇ ಸಲಕ್ಕೆ ಮುಗಿಯುತ್ತದೆ. ಉಳಿಸಿದ್ದನ್ನು ಪ್ರತಿ ಹೊಸ ಪ್ರಸ್ತಾವದ ಮುಂದೆಯೂ ಮತ್ತೆ ಉಳಿಸಬೇಕಾಗುತ್ತದೆ.

ಈ ಹೋರಾಟಗಳ ಎಲ್ಲ ಎಳೆಗಳೂ ಒಂದೆಡೆ ಸೇರಿರುವ ಊರು ಮೈಸೂರು. ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡಿರುವ ದೇವರಾಜ ಮಾರುಕಟ್ಟೆ ವಾರದ ಸಂತೆಯಾಗಿ ಆರಂಭವಾಗಿ, 10ನೇ ಚಾಮರಾಜ ಒಡೆಯರ ಕಾಲದಲ್ಲಿ, 1880ರ ದಶಕದಲ್ಲಿ ಕಟ್ಟಡ ಕಂಡು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೆಳೆಯಿತು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಗೋಪುರದಂತೆ ಪೇರಿಸಿದ ಕುಂಕುಮ, ತರಕಾರಿ, ತೆಂಗು, ದಿನಸಿ, ಹೀಗೆ ಒಂದೊಂದಕ್ಕೂ ಅಲ್ಲಿ ಒಂದೊಂದು ಸಾಲು. ಸ್ವಲ್ಪ ದೂರದಲ್ಲಿ, ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಎದ್ದ ಲ್ಯಾನ್ಸ್‌ಡೌನ್ ಕಟ್ಟಡ. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಅದು ಹೆಸರುವಾಸಿಯಾಗಿತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ಕುಸಿಯಿತು.

ಎರಡೂ ಕುಸಿತ ಮಳೆಗಾಲದಲ್ಲಿ ಆದದ್ದು ಹಳೆಯ ಕಟ್ಟಡಗಳ ಸ್ವಭಾವ ಬಲ್ಲವರಿಗೆ ಅಚ್ಚರಿ ತರುವುದಿಲ್ಲ. ಆ ಕಾಲದ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೀರು ಬೆರೆಸಿ ಅರೆದ ಗಾರೆ ತೇವವನ್ನು ಹೀರಿಕೊಂಡು ಮತ್ತೆ ಹೊರಬಿಡುತ್ತದೆ. ಚಾವಣಿ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ ಗಾರೆ ಹಾಕಿದ್ದು. ಈ ಕಟ್ಟಡಗಳ ಶತ್ರು ವಯಸ್ಸಲ್ಲ, ನೀರು. ನೀರು ಹರಿದುಹೋಗುವ ದೋಣಿ ಕಟ್ಟಿಕೊಂಡರೆ ತಾರಸಿಯಲ್ಲಿ ನೀರು ನಿಲ್ಲುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹಕ್ಕಿ ಹಾಕಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆತು ಬೇರು ಗೋಡೆಯನ್ನು ಸೀಳುತ್ತದೆ. ಇದಕ್ಕೆ ಗುತ್ತಿಗೆದಾರ ಮಾಡುವ ಉಪಚಾರ ರೋಗಕ್ಕಿಂತ ಕೆಟ್ಟದ್ದು: ಬಿರುಕಿನ ಮೇಲೆ ಸಿಮೆಂಟ್ ಮೆತ್ತುವುದು. ಸಿಮೆಂಟ್ ತೇವವನ್ನು ಹೊರಬಿಡದು. ಒಳಗಿನ ನೀರು ಒಳಗೇ ಉಳಿದು ಸುಣ್ಣದ ಗೋಡೆ ಪುಡಿಯಾಗುತ್ತದೆ. ಮೇಲೆ ಹೊಸ ಅಂತಸ್ತು, ನೀರಿನ ಟ್ಯಾಂಕು, ಅಂಗಡಿಯವರು ಕೊರೆದ ಗೋಡೆ ಸೇರಿದರೆ ಕೆಲಸ ಪೂರ್ತಿಯಾಯಿತು. ದಶಕಗಳ ಈ ನಿರ್ಲಕ್ಷ್ಯದ ಕೊನೆಯಲ್ಲಿ ‘ಕಟ್ಟಡ ಶಿಥಿಲ’ ಎಂಬ ಷರಾ ಬರುತ್ತದೆ. ಯಾರು ಶಿಥಿಲಗೊಳಿಸಿದರು ಎಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ.

ಮೈಸೂರು ಮಹಾನಗರ ಪಾಲಿಕೆ ಎರಡೂ ಕಟ್ಟಡಗಳನ್ನು ಕೆಡವಿ, ಹೊರನೋಟಕ್ಕೆ ಹಳೆಯದರಂತೆಯೇ ಮತ್ತೆ ಕಟ್ಟುವ ನಿಲುವು ತಾಳಿತು. ಕುಸಿದ ಭಾಗವನ್ನು ಮಾತ್ರ ಕಟ್ಟಿ ಉಳಿದದ್ದನ್ನು ದುರಸ್ತಿ ಮಾಡಬಹುದು ಎಂದು ಪರಂಪರೆ ತಜ್ಞರು ವಾದಿಸಿದರು. ಮಾರುಕಟ್ಟೆಯ ಬಾಡಿಗೆದಾರ ವ್ಯಾಪಾರಿಗಳು ಅವರ ಜೊತೆ ನಿಂತರು. ವ್ಯಾಪಾರಿಗಳ ನಿಲುವನ್ನು ಬರೀ ಸ್ವಾರ್ಥವೆಂದು ಹೇಳುವವರು ಒಂದನ್ನು ಮರೆಯುತ್ತಾರೆ: ತಾತ್ಕಾಲಿಕವಾಗಿ ಬೇರೆಡೆ ಕಳುಹಿಸಿದ ವ್ಯಾಪಾರಿಗೆ ಹೊಸ ಕಟ್ಟಡದಲ್ಲಿ ಯಾವಾಗ, ಎಷ್ಟು ಬಾಡಿಗೆಗೆ, ಯಾವ ಮೂಲೆಯಲ್ಲಿ ಜಾಗ ಸಿಗುತ್ತದೆ ಎಂಬ ಖಾತರಿ ಇರುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡ ಕುಸಿದ ಮೇಲೆ ಅಲ್ಲಿನ ಅಂಗಡಿಗಳು ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಪಾಲಿಕೆಯ ಮಾತಿನಲ್ಲೂ ತೂಕವಿಲ್ಲದಿಲ್ಲ. ನಾಲ್ಕು ಜೀವ ಹೋದ ಊರಿನಲ್ಲಿ ಮತ್ತೊಂದು ಅವಘಡದ ಹೊಣೆ ಹೊರಲು ಯಾವ ಅಧಿಕಾರಿಯೂ ಮುಂದೆ ಬರಲಾರ. ಸಮಸ್ಯೆಯೆಂದರೆ ಎರಡು ಪಕ್ಷದ ಕೈಯಲ್ಲೂ ತಜ್ಞರ ವರದಿಗಳಿದ್ದವು. ಕಾಂಕ್ರೀಟಿನ ಲೆಕ್ಕ ಕಲಿತ ಎಂಜಿನಿಯರಿಗೆ ಸುಣ್ಣದ ಗೋಡೆ ದುರ್ಬಲವಾಗಿ ಕಾಣುತ್ತದೆ. ಗಾರೆಯ ಕೆಲಸ ಬಲ್ಲವರಿಗೆ ಅದೇ ಗೋಡೆ ದುರಸ್ತಿಗೆ ಯೋಗ್ಯ. 2023ರಲ್ಲಿ ಹೈಕೋರ್ಟ್ ಕೆಡವುವುದರ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿತು. ಆ ಬಳಿಕ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಅದೇ ಮಾದರಿಯಲ್ಲಿ ಮತ್ತೆ ಕಟ್ಟುವುದು ಉಳಿಸಿದಂತೆ ಆಗುತ್ತದೆಯೆ? 1964ರ ವೆನಿಸ್ ಸನ್ನದಿನಿಂದ ಈಚೆಗೆ ಸಂರಕ್ಷಣಾ ತಜ್ಞರ ಉತ್ತರ ಒಂದೇ: ಮೂಲ ವಸ್ತು ಹೋದ ಮೇಲೆ ಉಳಿಯುವುದು ನಕಲು. ಕಾಂಕ್ರೀಟಿನ ಚೌಕಟ್ಟಿಗೆ ಕಮಾನಿನ ಮುಖವಾಡ ತೊಡಿಸಿದರೆ ಛಾಯಾಚಿತ್ರದಲ್ಲಿ ವ್ಯತ್ಯಾಸ ಕಾಣಲಿಕ್ಕಿಲ್ಲ, ಆದರೆ ಗಾರೆ ಕೆಲಸದವನಿಗೆ, ಬಡಗಿಗೆ ಅಲ್ಲಿ ಕೆಲಸವಿರುವುದಿಲ್ಲ, ಅವರ ವಿದ್ಯೆಯೂ ಅಲ್ಲಿಗೆ ನಿಲ್ಲುತ್ತದೆ. ನಿಜವಾಗಿ ಕುಸಿದುಬಿದ್ದದ್ದನ್ನು ಮತ್ತೆ ಕಟ್ಟುವುದು ಬೇರೆ. ನಿಂತಿರುವುದನ್ನು ಕೆಡವಿ ಅದರಂತೆಯೇ ಕಟ್ಟುವುದು ಬೇರೆ. ಮೈಸೂರಿನ ಚರ್ಚೆಯಲ್ಲಿ ಇವೆರಡೂ ಕಲಸಿಹೋದವು.

ಸರ್ಕಾರಿ ಕಟ್ಟಡಗಳಿಗಿಂತ ತೊಡಕಿನವು ಖಾಸಗಿ ಮನೆಗಳು. ನಗರದ ನಡುವೆ ಎಕರೆ ಜಾಗದಲ್ಲಿ ನಿಂತ ಬಂಗಲೆಯನ್ನು ಉಳಿಸಿ ಎಂದು ದಾರಿಹೋಕ ಹೇಳುವುದು ಸುಲಭ. ಆರು ಜನ ಅಣ್ಣತಮ್ಮಂದಿರು ಪಾಲು ಕೇಳುತ್ತಿರುವ ಮನೆಯ ಯಜಮಾನನಿಗೆ ಅದು ಸುಲಭವಲ್ಲ. ಈ ಪ್ರಶ್ನೆ ದೊಡ್ಡದಾಗಿ ಎದ್ದ ಊರುಗಳಲ್ಲಿ ನ್ಯೂಯಾರ್ಕ್ ಒಂದು. ಅಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಿಂದ ಕೆಡವತೊಡಗಿದಾಗ ಎದ್ದ ಆಕ್ರೋಶದ ಬೆನ್ನಿಗೇ 1965ರಲ್ಲಿ ನಗರದ ಸ್ಮಾರಕ ಕಾನೂನು ಬಂತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಐವತ್ತಕ್ಕೂ ಹೆಚ್ಚು ಅಂತಸ್ತಿನ ಗೋಪುರ ಎಬ್ಬಿಸಲು ಹೊರಟ ಮಾಲೀಕ ಕಂಪನಿಗೆ ಆ ಕಾನೂನು ಅಡ್ಡಬಂತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ನಿಂತಿತು. ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಬೇರೆ ನಿವೇಶನಕ್ಕೆ ವರ್ಗಾಯಿಸುವ ಅವಕಾಶ ಮಾಲೀಕನಿಗಿದೆ ಎಂಬುದು ಆ ತೀರ್ಪಿನಲ್ಲಿ ಗಣನೆಗೆ ಬಂದ ಅಂಶ. ನಮ್ಮಲ್ಲಿ ಟಿಡಿಆರ್ ಎಂದು ಎಲ್ಲರ ಬಾಯಲ್ಲಿರುವುದು ಇಂಥದೇ ಹಕ್ಕು. ರಸ್ತೆ ಅಗಲೀಕರಣಕ್ಕೆ ಅದನ್ನು ಬಳಸಿದಷ್ಟು ಉತ್ಸಾಹದಿಂದ ಹಳೆಯ ಮನೆ ಉಳಿಸಲು ಬಳಸಿಲ್ಲ. ತೆರಿಗೆ ರಿಯಾಯಿತಿ, ದುರಸ್ತಿಗೆ ನೆರವು, ಬಳಕೆ ಬದಲಿಸಲು ಸುಲಭ ಅನುಮತಿ ಇಲ್ಲದೆ ಪಟ್ಟಿಗೆ ಸೇರಿಸಿದರೆ ಮಾಲೀಕ ಕಟ್ಟಡವನ್ನು ಕೆಡವುವುದಿಲ್ಲ; ತಾನೇ ಬೀಳಲೆಂದು ಕಾಯುತ್ತಾನೆ.

ಜಾಗ ಉಳಿಸಲಾಗದಿದ್ದರೆ ಕಟ್ಟಡವನ್ನೇ ಸಾಗಿಸುವ ದಾರಿಯೂ ಇದೆ. ಬೆಂಗಳೂರು ಮೈಸೂರು ಜೋಡಿ ರೈಲು ಹಳಿಗೆ ಅಡ್ಡಬಂದಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಕೂರಿಸಿದರು. ಅದರ ತೂಕ ಸಾವಿರ ಟನ್ನಿನ ಆಸುಪಾಸು. ಇನ್ನೊಂದು ಬಗೆಯ ಸಾಹಸ ಮಣಿಪಾಲದ ವಿಜಯನಾಥ ಶೆಣೈ ಅವರದು. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಕರಾವಳಿಯಲ್ಲಿ, ಬಯಲುಸೀಮೆಯಲ್ಲಿ ಕಳಚಿ ಮಾರಾಟಕ್ಕಿಟ್ಟ ಮನೆಗಳ ಕಂಬ, ತೊಲೆ, ಮುಚ್ಚಿಗೆ, ಬಾಗಿಲುಗಳನ್ನು ತಂದು, ಒಂದೊಂದನ್ನೂ ಗುರುತು ಹಾಕಿ ಮತ್ತೆ ಜೋಡಿಸಿದರು. ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಸಭಾಂಗಣ ಇಂದು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ನೋಡಸಿಗುವುದು ಆ ಹಟದಿಂದ. ಶೆಣೈ 2017ರಲ್ಲಿ ತೀರಿಕೊಂಡರು. ಊರಿಂದ ಕಿತ್ತು ತಂದ ಮನೆಗೆ ತನ್ನ ತೋಟ, ಬಾವಿ, ನೆರೆಹೊರೆ ಇರುವುದಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಆ ತೊಲೆಗಳ ಮುಂದಿದ್ದ ಇನ್ನೊಂದು ದಾರಿ ಹಳೆ ಮರದ ವ್ಯಾಪಾರಿಯ ಗೋದಾಮು.

ಯಾವುದನ್ನು ಉಳಿಸಬೇಕೆಂದು ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಈ ಚಳವಳಿ ಇನ್ನೂ ಸರಿಯಾಗಿ ಎದುರಿಸಿಲ್ಲ. ಪಟ್ಟಿಗಳಲ್ಲಿ ಅರಮನೆ, ಬ್ರಿಟಿಷ್ ಬಂಗಲೆ, ಚರ್ಚು, ಕಾಲೇಜು ಧಾರಾಳ. ವಠಾರ, ಗರಡಿಮನೆ, ಗಿರಣಿ ಕಾರ್ಮಿಕರ ಸಾಲುಮನೆ, ದಲಿತ ಕೇರಿಯ ಹಳೆಯ ಶಾಲೆ, ಊರಿನ ಮೊದಲ ಟಾಕೀಸು ವಿರಳ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಚಿತ್ರಮಂದಿರ ಹೋದಾಗ ನೆನಪಿನ ಲೇಖನಗಳು ಬಂದವು, ಕಟ್ಟಡ ಉಳಿಯಲಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಇನ್ನೂ ಮಟ್ಟಿ ಹದಮಾಡುವವರಿದ್ದಾರೆ. ಅವರನ್ನು ಪರಂಪರೆ ಸಮಿತಿಗೆ ಕರೆದರೆ ಪಟ್ಟಿ ಬೇರೆಯಾಗಿಯೇ ಕಾಣುತ್ತದೆ.

ತಮ್ಮ ಊರಿನ ಕಟ್ಟಡವೊಂದರ ಬಗ್ಗೆ ಕಾಳಜಿ ಇರುವವರು ಮಾಡಬಹುದಾದ ಮೊದಲ ಕೆಲಸಕ್ಕೆ ಹಣ ಬೇಕಿಲ್ಲ. ಕಟ್ಟಡ ಯಾರ ಹೆಸರಿನಲ್ಲಿದೆ, ಯಾವ ಪಟ್ಟಿಯಲ್ಲಾದರೂ ಇದೆಯೆ ಎಂದು ಪುರಸಭೆಯಲ್ಲಿ, ಪುರಾತತ್ವ ಇಲಾಖೆಯಲ್ಲಿ ಲಿಖಿತವಾಗಿ ಕೇಳಬೇಕು. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು ತಾರೀಖು ಬರೆದಿಡಬೇಕು. ಒಳಗೆ ವಾಸವಿರುವವರ, ವ್ಯಾಪಾರ ಮಾಡುವವರ ಮಾತು ಕೇಳಬೇಕು. ಊರಿನ ನಗರ ಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರ ಆಕ್ಷೇಪಣೆಗೆ ಗಡುವು ಕೊಡುತ್ತಾರೆ. ಆ ಗಡುವಿನೊಳಗೆ ಕಟ್ಟಡದ ಹೆಸರು, ವಿಳಾಸ, ಇತಿಹಾಸ ಬರೆದ ಒಂದು ಪುಟದ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.